ಟೈಲರಮ್ಮನ ಗೋಡೆಯ ಗಾಜು

ಪಾಯದ ಮೇಸ್ತ್ರಿ ಎಲ್ಲರ ಮನೆಗೂ ತಿಂಗಳಿಗೊಂದು ಸಲ ಹೋಗಿ ಗಾಜು ನೋಡಿ ಬರುತ್ತಿದ್ದ. ಟೈಲರಮ್ಮನ ಮನೆಗೆ ಮಾತ್ರ ವಾರಕ್ಕೊಂದು ಸಲ. ಈ ಲೆಕ್ಕ ಊರಿನಲ್ಲಿ ಒಬ್ಬಳಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಆ ಒಬ್ಬಳು ಮೇಸ್ತ್ರಿಯ ಹೆಂಡತಿ. ಯಾರಿಗೆ ಗೊತ್ತಾಗಬಾರದಿತ್ತೋ ಅವಳಿಗೇ ಗೊತ್ತಾಗಿತ್ತು.

ಗಾಜು ಅಂದರೆ ಏನು ಅಂತ ಮೊದಲು ಹೇಳಿಬಿಡಬೇಕು. ಆ ಬಡಾವಣೆಯ ನೆಲವೆಲ್ಲ ಎರೆಮಣ್ಣು. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಬಿಸಿಲು ಬಿದ್ದರೆ ಒಣಗಿ ಅಂಗೈ ತೂರುವಷ್ಟು ಬಾಯಿ ಬಿಡುತ್ತದೆ. ಮೇಲೆ ಕೂತ ಮನೆ ಪಾಪ ಏನು ಮಾಡೀತು! ಒಂದು ಮೂಲೆ ಏಳುತ್ತದೆ, ಇನ್ನೊಂದು ಮೂಲೆ ಇಳಿಯುತ್ತದೆ, ಕಿಟಕಿಯ ಮೂಲೆಯಿಂದ ಸೂರಿನವರೆಗೆ ಗೋಡೆ ಓರೆಯಾಗಿ ಸೀಳುತ್ತದೆ. ಆಗ ಜನ ಮೊದಲು ಬಣ್ಣದವನನ್ನು ಕರೆಯುತ್ತಾರೆ. ಅವನು ಮೆತ್ತಿ, ಬಳಿದು, ಕೈತೊಳೆದುಕೊಂಡು ಹೋಗುತ್ತಾನೆ. ಮುಂದಿನ ಬೇಸಿಗೆಗೆ ಬಿರುಕು ಮತ್ತೆ ಹಲ್ಲು ಕಿರಿಯುತ್ತದೆ. ಪಾಯದ ಮೇಸ್ತ್ರಿ ನೆನಪಾಗುವುದು ಆಮೇಲೆಯೇ. ಅವನು ಬಂದು ಗೋಡೆಯ ಬುಡದಲ್ಲಿ ಗುಂಡಿ ತೋಡಿಸುತ್ತಾನೆ. ಸಾಲಾಗಿ ಅಲ್ಲ, ನಡುವೆ ಜಾಗ ಬಿಟ್ಟು, ಒಂದು ತುಂಬಿ ಗಟ್ಟಿಯಾದ ಮೇಲೆ ಇನ್ನೊಂದು. ಎರೆಮಣ್ಣು ಮುಗಿದು ಗಟ್ಟಿ ನೆಲ ಸಿಗುವವರೆಗೂ ಇಳಿದು, ಅಲ್ಲಿಂದ ಹಳೇ ಪಾಯದ ಅಡಿಗೆ ಕಾಂಕ್ರೀಟಿನ ಕಂಬ ಕೊಡುತ್ತಾನೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಗಾರೆ ಮೆತ್ತುತ್ತಾನೆ. ಆಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಕಾಯುತ್ತಾನೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಚಿಟ್ ಅಂದುಬಿಡುತ್ತದೆ. ಒಡೆಯದೆ ಉಳಿದರೆ ಗೋಡೆಗೆ ಕೊಟ್ಟ ಮರದ ಆಸರೆ ತೆಗೆಸಿ, ಬಿರುಕಿಗೆ ಕಬ್ಬಿಣದ ಸರಳು ಹೊಲಿದು, ಮನೆಯನ್ನು ಮನೆಯವರಿಗೆ ಒಪ್ಪಿಸಿ ಬರುತ್ತಾನೆ. ಒಡೆದರೆ ಮತ್ತೆ ಮಣ್ಣಿಗೆ ಇಳಿಯುತ್ತಾನೆ, ಮತ್ತೆ ಮಳೆಗಾಲ, ಮತ್ತೆ ಬೇಸಿಗೆ. ಮನೆಯ ಯಜಮಾನರು ಏನು ಗೋಗರೆದರೂ ಅವನ ಕಿವಿಗೆ ಬೀಳುವುದಿಲ್ಲ. ಅವನು ನಂಬುವುದು ಗಾಜನ್ನು ಮಾತ್ರ.

ಆ ಗಾಜು ಕೊಯ್ಯುತ್ತಿದ್ದವಳು ಹೆಂಡತಿ. ಫೋಟೋಗೆ ಕಟ್ಟು ಹಾಕುವ ಅಂಗಡಿಯಿಂದ ಒಡಕು ಗಾಜು ತಂದು, ಅಡುಗೆಮನೆಯ ನೆಲದ ಮೇಲೆ ಗೋಣಿ ಹಾಸಿ, ಕಟರಿನಿಂದ ಗೀರಿ, ಬೆರಳಗಲದ ಪಟ್ಟಿ ಮುರಿದು ಕಾಗದದಲ್ಲಿ ಸುತ್ತಿ ಗಂಡನ ಚೀಲಕ್ಕೆ ಹಾಕುತ್ತಿದ್ದಳು. ಯಾವ ಮನೆಗೆ ಎಷ್ಟು ಪಟ್ಟಿ ಹೋಯಿತು, ಎಲ್ಲಿ ಒಡೆಯಿತು, ಎಲ್ಲಿ ನಿಂತಿತು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಹಾಗಾಗಿ ಟೈಲರಮ್ಮನ ಮನೆಯ ವಾರದ ಹಾಜರಿಯನ್ನು ಅವಳಿಂದ ಮುಚ್ಚಿಡುವುದು ಮೇಸ್ತ್ರಿಯ ಕೈಲಾಗುವ ಕೆಲಸವಾಗಿರಲಿಲ್ಲ. ಅವನು ಮುಚ್ಚಿಟ್ಟೂ ಇರಲಿಲ್ಲ. "ಟೈಲರಮ್ಮನ ಮನೆಗೆ ಹೋಗಿ ಬರ್ತೀನಿ" ಅಂತ ಹೇಳಿಯೇ ಹೋಗುತ್ತಿದ್ದ. ಅದು ಇನ್ನೂ ಉರಿಸುತ್ತಿತ್ತು.

ಹೊಟ್ಟೆಕಿಚ್ಚು ಅವಳಿಗೆ ಹೊಸದೇನಲ್ಲ. ಮದುವೆಯಾದ ಹೊಸದರಲ್ಲಿ ಗಂಡನ ಸೈಕಲ್ಲಿನ ಮೇಲೆಯೂ ಹೊಟ್ಟೆಕಿಚ್ಚು ಪಟ್ಟವಳು. ಅದನ್ನು ಒರೆಸುವಷ್ಟು ಹೊತ್ತು ತನ್ನ ಮುಖ ನೋಡುವುದಿಲ್ಲ ಅಂತ. ಸೈಕಲ್ ತುಕ್ಕು ಹಿಡಿದು ಗುಜರಿಗೆ ಹೋದ ದಿನ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಗಂಡನೂ ಅಂಥವನೇ. ಮಾತಾಡಿದರೆ ಮುತ್ತು ಉದುರೀತು ಅನ್ನುವ ಹಾಗೆ ಬಾಯಿ ಬಿಗಿದುಕೊಂಡಿರುವ ಆಸಾಮಿ. ಸಂಜೆ ಬಂದರೆ "ಬಂದೆ", ತಟ್ಟೆಯ ಮುಂದೆ ಕೂತರೆ "ಸಾಕು", ಮಲಗುವಾಗ "ದೀಪ ಆರಿಸು". ಇಪ್ಪತ್ತು ವರ್ಷದ ಸಂಸಾರ ಈ ಮೂರು ಮಾತಿನಲ್ಲೇ ಸಾಗಿತ್ತು. ಮಾತು ಅವನ ಸ್ವಭಾವದಲ್ಲೇ ಇಲ್ಲ ಅಂದುಕೊಂಡು ಅವಳು ಸುಮ್ಮನಾಗಿದ್ದಳು.

ಸುಮ್ಮನಿದ್ದವಳ ಕಿವಿ ನೆಟ್ಟಗಾಗುವಂತೆ ಮಾಡಿದವಳು ನಾದಿನಿ. ಲಂಗದ ಉದ್ದ ಕಡಿಮೆ ಮಾಡಿಸಲು ಟೈಲರಮ್ಮನ ಮನೆಗೆ ಹೋಗಿದ್ದಳಂತೆ. ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದಳು, ಚಪ್ಪಲಿ ಕೂಡ ಸರಿಯಾಗಿ ಬಿಡಲಿಲ್ಲ.

"ಅತ್ತಿಗೆ, ನಮ್ಮಣ್ಣ ನಗ್ತಾನೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು."

"ಎಲ್ಲಿ ನಕ್ಕರು?"

"ಟೈಲರಮ್ಮನ ಹಿಂದಿನ ಕೋಣೇಲಿ. ಕೈ ಎಲ್ಲ ಆಡಿಸ್ಕೊಂಡು ಏನೋ ಕತೆ ಹೇಳ್ತಿದ್ದ. ನಾನು ಹೊರಗೆ ಕೂತು ಅರ್ಧ ಗಂಟೆ ಕೇಳಿಸ್ಕೊಂಡೆ. ಬಾಯಿ ಮುಚ್ಲೇ ಇಲ್ಲ ಕಣ್ರೀ."

"ಏನು ಕತೆ?"

"ಮಣ್ಣಿಂದು" ಅಂದಳು ನಾದಿನಿ, ಬೇಜಾರಿನಿಂದ. ಉಪ್ಪು ಖಾರ ಹಚ್ಚಲು ಅದರಲ್ಲಿ ಏನೂ ಇರಲಿಲ್ಲ. ಆದರೆ ಅತ್ತಿಗೆಗೆ ಅಷ್ಟೇ ಸಾಕಾಗಿತ್ತು.

ಮರುದಿನವೇ ಹೆಂಡತಿ ಒಂದು ತುಂಡು ಬಟ್ಟೆ ಹಿಡಿದುಕೊಂಡು ಟೈಲರಮ್ಮನ ಮನೆಗೆ ಹೋದಳು. ಬ್ಲೌಸು ಹೊಲಿಸುವ ನೆಪ. ಟೈಲರಮ್ಮ ನಲವತ್ತರ ಆಚೀಚೆಯ ಹೆಂಗಸು. ಗಂಡ ತೀರಿಹೋದ ಮೇಲೆ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಹಾಕಿಕೊಂಡು ಒಬ್ಬಳೇ ಬದುಕುತ್ತಿದ್ದಳು. ಅಂಥ ರೂಪವತಿಯೇನಲ್ಲ. ಅದು ಹೆಂಡತಿಗೆ ಸಮಾಧಾನ ತರಬೇಕಿತ್ತು, ತರಲಿಲ್ಲ. ರೂಪವತಿಯಾಗಿದ್ದರೆ ಕಾರಣವಾದರೂ ತಿಳಿಯುತ್ತಿತ್ತು.

"ನೀವು ಮೇಸ್ತ್ರಿ ಮನೆಯವರಲ್ವಾ ಅಕ್ಕ?" ಟೈಲರಮ್ಮ ಬಟ್ಟೆ ತೆಗೆದುಕೊಳ್ಳುತ್ತಲೇ ಕೇಳಿದಳು.

"ಹೇಗೆ ಗೊತ್ತಾಯ್ತು?"

"ನಿಮ್ಮ ಬೆರಳು ನೋಡಿ. ಗಾಜು ಕೊಯ್ಯೋದು ನಮ್ಮನೆಯವಳೇ, ಬೆರಳೆಲ್ಲ ಗಾಯ ಮಾಡ್ಕೋತಾಳೆ ಅಂತ ಹೇಳ್ತಿರ್ತಾರೆ."

ಹೆಂಡತಿಗೆ ಒಂದು ಕ್ಷಣ ಎದೆ ತುಂಬಿ ಬಂತು. ಮರುಕ್ಷಣ ಮೈ ಉರಿಯಿತು. ಗಾಯ ಅವನ ಕಣ್ಣಿಗೆ ಬಿದ್ದಿತ್ತು ಹಾಗಾದರೆ. ಮನೆಯಲ್ಲಿ ಒಂದು ದಿನ "ನೋವಾಯ್ತಾ" ಅನ್ನಲಿಲ್ಲ. ಇಲ್ಲಿ ಬಂದು ಇವಳ ಮುಂದೆ ಹೇಳಿಕೊಂಡಿದ್ದಾನೆ. ತನ್ನ ಬೆರಳಿನ ಮೇಲೆ ತೋರಿಸಬೇಕಾದ ಮರುಕವನ್ನು ಇವಳಿಗೆ ಕೊಟ್ಟು ಹೋಗಿದ್ದಾನೆ.

ಟೈಲರಮ್ಮ ಅಳತೆ ಟೇಪು ಹಿಡಿದು ಬೆನ್ನ ಹಿಂದಿನಿಂದ ಸುತ್ತು ಬಂದಳು. ಅವಳ ಕೈ ಹಗುರ, ಮಾತು ಸರಾಗ.

"ಅವರು ಮಣ್ಣಿನ ವಿಷಯ ಎತ್ತಿದ್ರೆ ಕೇಳ್ತಾನೇ ಇರ್ಬೇಕು ಅನ್ಸುತ್ತೆ ನೋಡಿ. ನಮ್ಮನೆ ಪಾಯದ ಅಡಿ ಕಪ್ಪೆಚಿಪ್ಪು ಸಿಕ್ತಂತೆ. ಒಂದು ಕಾಲಕ್ಕೆ ಇದೆಲ್ಲ ನೀರೇ ಇತ್ತೇನೋ ಅಂತಾರೆ. ಕೈ ಮೇಲೆತ್ತಿ ಅಕ್ಕ. ಆಮೇಲೆ, ಗುಂಡಿಗಿಳಿಯೋಕೆ ಅವರಿಗೆ ಇವತ್ತಿಗೂ ಭಯವಂತಲ್ಲ? ಹುಡುಗನಾಗಿದ್ದಾಗ ಜೊತೆಗಿದ್ದವನು ಮಣ್ಣು ಕುಸಿದು ಕುತ್ತಿಗೆವರೆಗೂ ಹೂತುಹೋಗಿದ್ದನಂತೆ. ಅದಕ್ಕೇ ಇಳಿಯೋ ಮುಂಚೆ ಒಂದು ಸಲ ಆಕಾಶ ನೋಡ್ಕೊಂಡು ಇಳೀತಾರಂತೆ. ನಿಮಗೆ ಗೊತ್ತೇ ಇರುತ್ತೆ ಬಿಡಿ."

"ಗೊತ್ತು" ಅಂದಳು ಹೆಂಡತಿ.

ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅವನ ಪ್ಯಾಂಟಿನ ಜೇಬಿನಿಂದ ಆ ಕರಿ ಮಣ್ಣನ್ನು ಉಗುರಿನಿಂದ ಕೆರೆದು ತೆಗೆದವಳು ಅವಳು. ಅವನು ಗುಂಡಿಗೆ ಹೆದರುತ್ತಾನೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

"ಸುತ್ತಳತೆ ಸ್ವಲ್ಪ ಸಡಿಲ ಬಿಡ್ಲಾ?"

"ಬಿಗೀನೇ ಇರ್ಲಿ."

ಬಿರುಕು ನೋಡಬೇಕು ಅಂತ ಕೇಳಿದಾಗ ಟೈಲರಮ್ಮ ಹಿಂದಿನ ಕೋಣೆಯ ಬಾಗಿಲು ತೆರೆದು ತಾನು ಹೊಸ್ತಿಲಲ್ಲೇ ನಿಂತಳು. "ನಾನು ಆ ಗಾಜಿನ ಕಡೆ ನೋಡೋದೇ ಇಲ್ಲ ಅಕ್ಕ. ಒಡೆದಿದ್ರೆ ಅಂತ ಜೀವ ಬಾಯಿಗೆ ಬರುತ್ತೆ. ಏನಿದ್ರೂ ಅವರೇ ನೋಡಿ ಹೇಳ್ಲಿ ಅಂತ ಬಿಟ್ಟಿದ್ದೀನಿ." ಮರದ ಕಂಬಗಳು ತೊಲೆಗೆ ತಲೆ ಕೊಟ್ಟು ನಿಂತಿದ್ದವು. ಕಿಟಕಿಯ ಮೇಲಿನ ಮೂಲೆಯಿಂದ ಬಿರುಕು ಹತ್ತಿ ಹೋಗಿತ್ತು, ಅದಕ್ಕೆ ಅಡ್ಡವಾಗಿ ಹೆಂಡತಿಯೇ ಕೊಯ್ದ ಗಾಜು, ಎರಡು ತುದಿಯಲ್ಲೂ ಮೇಸ್ತ್ರಿ ಕರಿ ಪೆನ್ಸಿಲಿನಲ್ಲಿ ಎಳೆದ ಸಣ್ಣ ಗುರುತು. ಗಾಜು ಒಡೆದಿರಲಿಲ್ಲ. ಆದರೆ ಅವಳ ಕಣ್ಣು ನೆಟ್ಟಿದ್ದು ಕಿಟಕಿಯ ಕೆಳಗೆ. ಅಲ್ಲಿ ಎರಡು ಕುರ್ಚಿ ಎದುರುಬದುರಾಗಿ ಇದ್ದವು, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಟೀ ಲೋಟದ ಎರಡು ಉಂಗುರ.

ದಾರಿಯಲ್ಲಿ ಬರುತ್ತಾ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇಸಿಗೆ ಮುಗಿಯುತ್ತಾ ಬಂತು. ಗಾಜು ಗಟ್ಟಿಯಾಗಿದೆ. ಇನ್ನು ಒಂದೆರಡು ವಾರ. ಆಸರೆ ಬಿಚ್ಚಿ, ಬಿರುಕು ಹೊಲಿದು, ಕೆಲಸ ಮುಗಿಸಿ ಬಂದರೆ ಆಮೇಲೆ ಅಲ್ಲೇನು ಕೆಲಸ? ಆ ಕುರ್ಚಿಯನ್ನು ಬೇಕಾದರೆ ಟೈಲರಮ್ಮ ತನ್ನ ತಲೆಯ ಮೇಲೆ ಇಟ್ಟುಕೊಳ್ಳಲಿ.

ಅಳತೆ ನೋಡಲು ಕರೆದ ದಿನ ಹೆಂಡತಿ ಹುರುಪಿನಿಂದಲೇ ಹೋದಳು. ಬ್ಲೌಸು ಹಾಕಿಕೊಂಡು ನೋಡಲು ಟೈಲರಮ್ಮ ಅದೇ ಹಿಂದಿನ ಕೋಣೆಗೆ ಕಳಿಸಿದಳು. ಒಳಗಿನಿಂದ ಚಿಲಕ ಹಾಕಿ ತಿರುಗಿದವಳು ಮೊದಲು ಮಾಡಿದ್ದೇ ಗಾಜು ನೋಡಿದ್ದು.

ಒಡೆದಿತ್ತು. ನಟ್ಟನಡುವೆ, ಎಳೆಯಷ್ಟು ಸಣ್ಣ ಗೆರೆ, ಮೇಲಿನಿಂದ ಕೆಳಗೆ. ಬೇರೆಯವರು ನೋಡಿದ್ದರೆ ಕೂದಲು ಅಂಟಿದೆ ಅಂದುಕೊಳ್ಳುತ್ತಿದ್ದರು. ಅವಳು ಉಗುರು ಆಡಿಸಿ ನೋಡಿದಳು. ಉಗುರು ಅಲ್ಲಿ ತಡೆಯಿತು.

ಗಾಜು ಒಡೆದಿದೆ ಅಂದರೆ ಮೂಲೆ ಇನ್ನೂ ಇಳಿಯುತ್ತಿದೆ. ಮೂಲೆ ಇಳಿಯುತ್ತಿದೆ ಅಂದರೆ ಮತ್ತೆ ಗುಂಡಿ, ಮತ್ತೆ ಕಂಬ, ಮತ್ತೆ ಹೊಸ ಗಾಜು. ಇನ್ನೊಂದು ಮಳೆಗಾಲ, ಇನ್ನೊಂದು ಬೇಸಿಗೆ. ವಾರ ವಾರ ಎರಡು ಲೋಟ ಟೀ. ಅವನು ಇನ್ನೇನೇನು ಹೇಳಿಬಿಡುತ್ತಾನೋ. ಗುಂಡಿಯ ಭಯ ಆಯಿತು, ಬೆರಳಿನ ಗಾಯ ಆಯಿತು. ಒಂದು ವರ್ಷದಲ್ಲಿ ಇಡೀ ಮನುಷ್ಯನೇ ಖಾಲಿಯಾಗಿ ಈ ಕೋಣೆಗೆ ಬಂದುಬಿಡುತ್ತಾನೆ, ಮನೆಗೆ ಬರುವುದು "ದೀಪ ಆರಿಸು" ಮಾತ್ರ.

"ಹೇಗಿದೆ ಅಕ್ಕ?" ಹೊರಗಿನಿಂದ ಟೈಲರಮ್ಮ ಕೂಗಿದಳು.

"ತೋಳು ಬಿಗಿ."

"ನೀವೇ ಬಿಗಿ ಇರ್ಲಿ ಅಂದಿದ್ರಿ."

"ಇಷ್ಟು ಬಿಗಿ ಅಲ್ಲ. ಸಡಿಲ ಮಾಡಿಡಿ, ನಾಳೆ ಬಂದು ನೋಡ್ತೀನಿ."

ಮಾರನೆಯ ದಿನ ಅವಳ ಕೈಚೀಲದಲ್ಲಿ ಏನೇನಿತ್ತು ಅಂದರೆ: ಕಾಗದದಲ್ಲಿ ಸುತ್ತಿದ ಒಂದು ಗಾಜಿನ ಪಟ್ಟಿ, ಸಣ್ಣ ಡಬ್ಬಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಗಾರೆಯ ಉಂಡೆ, ಮೊಂಡು ಚಾಕು, ಗಂಡನ ಪೆಟ್ಟಿಗೆಯಿಂದ ಎತ್ತಿಕೊಂಡ ಕರಿ ಪೆನ್ಸಿಲು. ತಾನು ಏನು ಮಾಡಲು ಹೊರಟಿದ್ದೇನೆ ಅನ್ನುವುದನ್ನು ಅವಳು ಪೂರ್ತಿ ಯೋಚಿಸಲಿಲ್ಲ. ಯೋಚಿಸಿದರೆ ಕೈ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಕೋಣೆಯ ಚಿಲಕ ಹಾಕಿ, ಟೀ ಲೋಟದ ಉಂಗುರವಿದ್ದ ಆ ಸ್ಟೂಲನ್ನೇ ಎಳೆದುಕೊಂಡು ಹತ್ತಿದಳು. ಹೊರಗೆ ಟೈಲರಮ್ಮನ ಯಂತ್ರ ಗಡಗಡ ಓಡುತ್ತಿತ್ತು, ಚಾಕು ಕೆರೆಯುವ ಸದ್ದು ಅದರಲ್ಲಿ ಮುಳುಗಿಹೋಯಿತು. ಒಡೆದ ಗಾಜು ಎರಡು ತುಂಡಾಗಿ ಅಂಗೈಗೆ ಬಂತು. ಹೊಸದನ್ನು ಇಟ್ಟು, ಗಾರೆ ಮೆತ್ತಿ, ಹೆಬ್ಬೆರಳಿನಿಂದ ಅಂಚು ನುಣುಪು ಮಾಡಿದಳು. ಗಂಡ ಹೇಗೆ ಗುರುತು ಎಳೆಯುತ್ತಾನೋ ಹಾಗೆಯೇ ಎಳೆದಳು, ಬಲಗಡೆಯದು ಸ್ವಲ್ಪ ವಾಲಿಸಿ. ಹಸಿ ಗಾರೆ ಬೆಳ್ಳಗೆ ಹೊಳೆಯಿತು. ಕಿಟಕಿಯ ಸಂದಿನ ಧೂಳನ್ನು ಬೆರಳಿಗೆ ಹಚ್ಚಿಕೊಂಡು ಅದರ ಮೇಲೆ ಸವರಿದಳು. ಕೆಳಗಿಳಿದು ದೂರ ನಿಂತು ನೋಡಿದಾಗ, ಹೇಳಿಕೊಳ್ಳಬಾರದು, ಅವಳಿಗೆ ಹೆಮ್ಮೆಯೇ ಆಯಿತು.

ಆತುರದಲ್ಲಿ ಬ್ಲೌಸಿನ ಹುಕ್ಕುಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು ಹೊರಬಂದಳು. ಟೈಲರಮ್ಮ ನಕ್ಕು, ತಾನೇ ಬಿಚ್ಚಿ ಸರಿಯಾಗಿ ಹಾಕಿಕೊಟ್ಟಳು.

ಆ ವಾರ ಗಾಜು ನೋಡಿಕೊಂಡು ಸಂಜೆ ಮೇಸ್ತ್ರಿ ಮನೆಗೆ ಬಂದಾಗ ಮುಖ ಊರಗಲ ಆಗಿತ್ತು. "ನಿಂತಿತು ಕಣೇ!" ಅಂದ, ಕೈಕಾಲು ಕೂಡ ತೊಳೆಯದೆ. "ಆ ಮೂಲೆ ನಂಗೆ ಅನುಮಾನ ಇತ್ತು. ಕೆಳಗೆ ಗಟ್ಟಿ ನೆಲ ಸಿಕ್ತೋ ಇಲ್ವೋ ಅಂತ ಮನಸ್ಸು ಹಿಂದೇಟು ಹೊಡೀತಿತ್ತು. ಗಾಜು ಒಂಚೂರೂ ಅಲುಗಿಲ್ಲ." ಅವನು ಮನೆಯಲ್ಲಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಕಳ್ಳತನ ಮಾಡಿ ಗಳಿಸಿದ ಮಾತಾದರೂ ಕಿವಿಗೆ ಹಿತವಾಗಿತ್ತು. ಎರಡು ದಿನ ಅವಳು ಗುನುಗುತ್ತಾ ಕೆಲಸ ಮಾಡಿದಳು. ಅಂಗಳದಲ್ಲಿ ನಾದಿನಿ ಕಂಡಾಗ, ಕೇಳದಿದ್ದರೂ, "ಟೈಲರಮ್ಮನ ಕೆಲಸ ಮುಗೀತು" ಅಂತ ಹೇಳಿದಳು.

ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಚೀಲ ಹೆಗಲಿಗೇರಿಸುತ್ತಾ ಹೇಳಿದ: "ಇವತ್ತು ಆಸರೆ ಬಿಚ್ಚಿಸ್ತೀನಿ. ಟೈಲರಮ್ಮಂಗೆ ಅವಸರ. ಆ ಕೋಣೇಲಿ ಹೊಲಿಗೆ ಕ್ಲಾಸ್ ಶುರು ಮಾಡ್ತಾರಂತೆ ನಾಳೆಯಿಂದ. ಕಿಟಕಿ ಬೆಳಕು ಚೆನ್ನಾಗಿದೆ ಅಂತ ಆ ಗೋಡೆಗೇ ಬೆಂಚು ಹಾಕಿಸ್ತಿದ್ದಾರೆ. ಹುಡುಗೀರು ಸಾಲಾಗಿ ಕೂರ್ತಾರೆ."

ಅವನು ಹೋದ. ಅವಳು ಪಾತ್ರೆ ತೊಳೆಯಲು ಕೂತಳು.

ಗಾಜು ಬದಲಿಸುವಾಗ ಅವಳ ತಲೆಯಲ್ಲಿ ಇದ್ದ ಲೆಕ್ಕ ಇಷ್ಟೇ: ಅವನು ಬಿರುಕು ಮುಚ್ಚಿ ಬರುತ್ತಾನೆ, ಮುಂದಿನ ಬೇಸಿಗೆಗೆ ಬಿರುಕು ಮತ್ತೆ ತೆರೆಯುತ್ತದೆ, ಆಗ ನೋಡಿಕೊಂಡರಾಯಿತು. ಆ ಗೋಡೆಯ ಕೆಳಗೆ ಜನ ಕೂರುತ್ತಾರೆ ಅನ್ನುವುದು ಲೆಕ್ಕದಲ್ಲಿ ಇರಲೇ ಇಲ್ಲ. ಟೈಲರಮ್ಮನನ್ನೂ ಅವಳು ಆ ಗೋಡೆಯ ಕೆಳಗೆ ಕಲ್ಪಿಸಿಕೊಂಡಿರಲಿಲ್ಲ. ಕಲ್ಪಿಸಿಕೊಂಡಿದ್ದು ಕುರ್ಚಿಯನ್ನು ಮಾತ್ರ. ಇಳಿಯುತ್ತಿರುವ ಮೂಲೆಯಿಂದ ಆಸರೆ ತೆಗೆದರೆ ಏನಾಗುತ್ತದೆ ಅಂತ ಮೇಸ್ತ್ರಿಯ ಹೆಂಡತಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಕಿಟಕಿಯ ಮೇಲಿನ ಭಾರವೆಲ್ಲ ಒಂದು ದಿನ, ಯಾರಿಗೂ ಹೇಳದೆ ಕೇಳದೆ, ಕೆಳಗೆ ಬರುತ್ತದೆ. ಒಂದು ತಟ್ಟೆಯನ್ನು ಅವಳು ಎಷ್ಟು ಹೊತ್ತು ಉಜ್ಜಿದಳೋ. ಬಾಯಿ ಬಿಟ್ಟರೆ ಗಂಡನ ಮುಂದೆ, ಅದಕ್ಕಿಂತ ಹೆಚ್ಚಾಗಿ ಟೈಲರಮ್ಮನ ಮುಂದೆ, ಮಾನ ಹೋಗುತ್ತದೆ. ಬಿಡದಿದ್ದರೆ ಹುಡುಗಿಯರು ಸಾಲಾಗಿ ಕೂರುತ್ತಾರೆ. ಅವಳು ತಟ್ಟೆ ಅಲ್ಲೇ ಬಿಟ್ಟು, ಸೋಪಿನ ಕೈಯಲ್ಲೇ ಬಾಗಿಲು ಎಳೆದು ಬೀಗ ಹಾಕಿ ಓಡಿದಳು.

ಹೋಗುವಷ್ಟರಲ್ಲಿ ಒಂದು ಕಂಬ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಮೇಸ್ತ್ರಿ ಎರಡನೆಯ ಕಂಬದ ಬುಡದಲ್ಲಿ ಬಗ್ಗಿ, ಅದರಡಿಯ ಮರದ ತುಂಡಿಗೆ ಸುತ್ತಿಗೆ ಎತ್ತಿದ್ದ. ಇಬ್ಬರು ಕೂಲಿಯವರು ಕಂಬ ಹಿಡಿದಿದ್ದರು. ಟೈಲರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿಲ್ಸಿ!"

ಮೇಸ್ತ್ರಿ ತಿರುಗಿದ. "ಏನೇ? ಮನೇಲೇನಾಯ್ತು?"

"ಮನೇಲೇನೂ ಆಗಿಲ್ಲ. ಹೊಡೀಬೇಡಿ. ಆ ಗಾಜು ನೀವು ಅಂಟಿಸಿದ್ದಲ್ಲ."

"ಏನು ಹೇಳ್ತಿದ್ದೀಯಾ?"

"ನಾನು ಅಂಟಿಸಿದ್ದು. ನಿಮ್ಮದು ಒಡೆದಿತ್ತು."

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಸ್ಟೂಲು ಹತ್ತಿ ಗಾಜಿನ ಮುಂದೆ ಮುಖ ಒಯ್ದ. ಹೆಬ್ಬೆರಳು ನಾಲಿಗೆಗೆ ಮುಟ್ಟಿಸಿ ಗಾರೆಯ ಮೇಲೆ ಉಜ್ಜಿದ. ಧೂಳು ಹೋಗಿ ಬಿಳಿ ಕಂಡಿತು. ಅವನು ಬಹಳ ಹೊತ್ತು ಇಳಿಯಲಿಲ್ಲ, ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದ. ಜೀವಮಾನವೆಲ್ಲ ಯಾರ ಮಾತೂ ನಂಬದೆ ಗಾಜೊಂದನ್ನೇ ನಂಬಿದ ಮನುಷ್ಯ.

"ಯಾಕೆ?" ಅಂತ ಕೇಳಿದ ಕೊನೆಗೆ, ತಿರುಗದೆ.

ಕೂಲಿಯವರಿದ್ದರು, ಟೈಲರಮ್ಮ ಇದ್ದಳು. ಬೇರೆ ಯಾರಾದರೂ ಆಗಿದ್ದರೆ ಮನೆಗೆ ಬನ್ನಿ ಹೇಳ್ತೀನಿ ಅನ್ನುತ್ತಿದ್ದರು. ಇವಳಿಗೆ ಇನ್ನು ಉಳಿಸಿಕೊಳ್ಳುವ ಮಾನ ಯಾವುದೂ ಇರಲಿಲ್ಲ.

"ಗಾಜು ನಿಂತ್ರೆ ನೀವು ಇಲ್ಲಿಗೆ ಬರೋದೂ ನಿಲ್ಲುತ್ತೆ ಅಂತ."

ಕೂಲಿಯವರಲ್ಲಿ ಒಬ್ಬ ಕೆಮ್ಮಿದ. ಮೇಸ್ತ್ರಿ ಇಳಿದು ಬಂದು, ಹೆಂಡತಿಯ ಮುಖ ನೋಡದೆ, ಬಿಚ್ಚಿದ ಕಂಬವನ್ನು ಮತ್ತೆ ಎತ್ತಿಸಿ ತೊಲೆಗೆ ಕೊಟ್ಟು, ಬುಡಕ್ಕೆ ಮರದ ತುಂಡು ತುರುಕಿ ಸುತ್ತಿಗೆಯಿಂದ ಬಿಗಿ ಮಾಡಿದ. ಬೇಕಾದ್ದಕ್ಕಿಂತ ನಾಲ್ಕು ಪೆಟ್ಟು ಹೆಚ್ಚೇ ಹೊಡೆದ. ಆಮೇಲೆ ಕೂಲಿಯವರಿಗೆ ಹೋಗಿ ಅಂದ.

ಟೈಲರಮ್ಮನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. "ನಾಳೆ ಇಲ್ಲಿ ಮಕ್ಕಳು ಕೂರೋರಿದ್ರು ಅಕ್ಕ" ಅಂದಳು. "ಬೇರೆಯವರ ಮಕ್ಕಳು."

"ಅದಕ್ಕೇ ಬಂದೆ."

"ನನ್ನನ್ನೇ ಕೇಳಬಹುದಿತ್ತಲ್ಲ? ಎದುರಿಗೆ ನಿಂತು ಅಳತೆ ಕೊಟ್ರಿ, ಮೂರು ಸಲ ಬಂದ್ರಿ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ." ಆಮೇಲೆ ಅವಳು ಮೇಸ್ತ್ರಿಯ ಕಡೆಗೆ ತಿರುಗಿದಳು. "ಮೇಸ್ತ್ರಿ, ನೀವು ಇಷ್ಟು ಮಾಡಿದ್ದು ದೊಡ್ಡದು. ಮಿಕ್ಕಿದ್ದು ಬೇರೆ ಯಾರಿಗಾದ್ರೂ ಒಪ್ಪಿಸ್ತೀನಿ. ಇನ್ನು ಮೇಲೆ ನೀವು ಬರೋದು ಬೇಡ."

ಹೆಂಡತಿ ಇಷ್ಟು ದಿನ ಬಯಸಿದ ಮಾತು ಅದೇ. ಆದರೆ ಆ ಮಾತು ಬಿದ್ದಾಗ ಅವಳ ಕಣ್ಣು ಟೈಲರಮ್ಮನ ಮೇಲಿರಲಿಲ್ಲ, ಗಂಡನ ಮೇಲಿತ್ತು. ಅವನ ಮುಖ ಇಳಿದುಹೋಯಿತು. ಗಾಜು ಸುಳ್ಳು ಅಂತ ಗೊತ್ತಾದಾಗ ಕೂಡ ಅಷ್ಟು ಇಳಿದಿರಲಿಲ್ಲ. ಅವನು ಕೆಳಗೆ ಬಗ್ಗಿ ಸುತ್ತಿಗೆಯನ್ನು ಚೀಲಕ್ಕೆ ಹಾಕತೊಡಗಿದ. ಅದು ಚೀಲದ ಬಾಯಿಗೆ ಸಿಗದೆ ಎರಡು ಸಲ ಹೊರಗೆ ಬಿತ್ತು. ಅಂದರೆ ಹೆಂಡತಿಯ ಅನುಮಾನ ಬರೀ ಹುಚ್ಚಾಗಿರಲಿಲ್ಲ. ಗೆದ್ದ ಗಳಿಗೆಯಲ್ಲಿ ಅವಳಿಗೆ ಸಿಕ್ಕ ಬಹುಮಾನ ಆ ಮುಖ.

ಅವಳಿಗೆ ಚೀರಬೇಕು ಅನ್ನಿಸಿತು. ಬಾಯಿಂದ ಬಂದ ಮಾತು ಬೇರೆಯೇ.

"ಬೇರೆ ಯಾರೂ ಬೇಡ" ಅಂದಳು ಟೈಲರಮ್ಮನಿಗೆ, ಒರಟಾಗಿ. "ಬೇರೆಯವರು ಅರ್ಧಕ್ಕೆ ಇಳಿದು ಗಟ್ಟಿ ನೆಲ ಸಿಕ್ತು ಅಂತ ಸುಳ್ಳು ಹೇಳಿ ಹೋಗ್ತಾರೆ. ಆ ಮೂಲೆ ಹಿಡಿಯೋರು ಈ ಊರಲ್ಲಿ ಇವರೊಬ್ರೇ. ಗೋಡೆ ನಿಲ್ಲೋವರೆಗೂ ಇವರೇ ಬರ್ಲಿ."

"ವಾರ ವಾರ ಬರ್ಬೇಕಾಗುತ್ತೆ ಅಕ್ಕ. ಇಷ್ಟಾದ ಮೇಲೆ ತಿಂಗಳಿಗೊಂದು ಸಲ ನಂಗೆ ಸಾಲಲ್ಲ, ನಿದ್ದೆ ಬರಲ್ಲ."

"ವಾರ ವಾರವೇ ಬರ್ಲಿ" ಅಂದಳು ಹೆಂಡತಿ. ಹೊಟ್ಟೆಕಿಚ್ಚು ಒಂದು ಚೂರೂ ಆರಿರಲಿಲ್ಲ. ಆದರೆ ಗಂಡನ ಕೆಲಸಕ್ಕೆ ಇನ್ನೊಬ್ಬ ಬಂದು ಕೈ ಹಾಕುವುದನ್ನು ಅವಳು ಬದುಕಿರುವವರೆಗೂ ಸಹಿಸುತ್ತಿರಲಿಲ್ಲ. ಹೀಗೆ ಆ ಇನ್ನೊಂದು ವರ್ಷವನ್ನು ಅವಳೇ ತನ್ನ ಬಾಯಾರೆ ಕೊಟ್ಟು ಬಂದಳು.

ಮನೆಯ ಕಡೆಗೆ ಇಬ್ಬರೂ ನಡೆದರು, ಅವನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಕೈಗೆ ಹತ್ತಿದ್ದ ಸೋಪು ಒಣಗಿ ಚರ್ಮ ಬಿಗಿಯುತ್ತಿತ್ತು. ಅಂಗಡಿ ಸಾಲು ಶುರುವಾದಾಗ ಅವನು ನಿಂತ, ಅವಳು ಸಮಕ್ಕೆ ಬರುವವರೆಗೆ.

"ಬರೀ ಮಾತಾಡ್ತಿದ್ದೆ ಕಣೇ" ಅಂದ. "ಅವರು ಕೇಳೋರು, ನಾನು ಹೇಳ್ತಿದ್ದೆ. ಆಣೆ ಮಾಡಿ ಹೇಳ್ತೀನಿ, ಅದು ಬಿಟ್ಟು ಬೇರೇನೂ ಇಲ್ಲ."

"ಗೊತ್ತು. ಬೇರೇನಾದ್ರೂ ಇದ್ದಿದ್ರೆ ಒಳ್ಳೇದಿತ್ತು."

"ಏನಂದೆ?"

"ಬೇರೇನಾದ್ರೂ ಇದ್ದಿದ್ರೆ ನಿಮ್ಮ ಕೊರಳಪಟ್ಟಿ ಹಿಡಿದು ಜಗಳ ಆಡ್ತಿದ್ದೆ. ಅತ್ತು, ತವರಿಗೆ ಹೋಗಿ, ನೀವು ಬಂದು ಕಾಲು ಹಿಡಿದು, ಎಲ್ಲ ಮುಗೀತಿತ್ತು. ನೀವು ಮಾತಾಡಿದ್ರಿ. ಇಪ್ಪತ್ತು ವರ್ಷ ನಾನು ತಟ್ಟೆ ಮುಂದೆ ಕೂತು ಕಾದಿದ್ದು ಅದನ್ನೇ."

ಒಂದಿಷ್ಟು ದೂರ ನಡೆದ ಮೇಲೆ, "ನೀನು ಕೇಳ್ತಿರ್ಲಿಲ್ಲ" ಅಂದ, ಮೆಲ್ಲಗೆ.

"ಸರಿ. ಈಗ ಕೇಳ್ತಿದ್ದೀನಿ."

"ಇನ್ನು ಮೇಲೆ ನಿಂಗೂ ಹೇಳ್ತೀನಿ."

"ನಂಗೂ!" ಅವಳು ಆ ಮಾತನ್ನು ಉಗಿದ ಹಾಗೆ ಅಂದಳು. "ಏನು ಹೇಳ್ತೀರಿ? ಕಪ್ಪೆಚಿಪ್ಪಿಂದು ಗೊತ್ತು. ನಿಮ್ಮ ಜೊತೆಗಿದ್ದ ಹುಡುಗ ಮಣ್ಣಲ್ಲಿ ಹೂತಿದ್ದು ಗೊತ್ತು. ಗುಂಡಿಗಿಳಿಯೋ ಮುಂಚೆ ಆಕಾಶ ನೋಡೋದು ಗೊತ್ತು. ಎಲ್ಲ ಅವಳ ಬಾಯಿಂದ ಕೇಳಿದ್ದು. ಅವಳಿಗೆ ಹೇಳದೇ ಇರೋದು ಒಂದಿದ್ರೆ ಹೇಳಿ. ಒಂದೇ ಒಂದು. ಸಣ್ಣದಾದ್ರೂ ಆಗ್ಲಿ."

ಮೇಸ್ತ್ರಿ ಅಂಥದ್ದೊಂದನ್ನು ಮನಸ್ಸಿನಲ್ಲೇ ಹುಡುಕುತ್ತಾ ನಡೆದ. ಅವಳು ಅವಸರ ಮಾಡಲಿಲ್ಲ. ಅಂಗಡಿ ಸಾಲು ಕಳೆಯಿತು, ತಿರುವು ಬಂತು, ತಿರುವಿನಾಚೆ ಅವರ ಬೀದಿ ಬಂತು. ನಾದಿನಿ ಮಹಡಿಯ ಮೇಲಿನಿಂದ ಬಗ್ಗಿ ನೋಡಿದಳು, ಇಬ್ಬರೂ ಅವಳ ಕಡೆ ನೋಡಲಿಲ್ಲ. ಹೆಂಡತಿ ಬೀಗ ತೆಗೆದು ಒಳಗೆ ಹೋಗಿ, ಬಾಗಿಲು ಹಿಡಿದುಕೊಂಡು ತಿರುಗಿ ನಿಂತಳು. ಅವನು ಹೊಸ್ತಿಲಿನ ಆಚೆ ಚೀಲ ಹೊತ್ತುಕೊಂಡು ನಿಂತಿದ್ದ, ಹುಬ್ಬು ಗಂಟಿಕ್ಕಿಕೊಂಡು, ಇನ್ನೂ ಹುಡುಕುತ್ತಾ.